ಲಂಡನ್‌ನಿಂದ ಪ್ಯಾರಿಸ್‌ಗೆ 344 ಕಿಲೋಮೀಟರ್: ಹಾಗಾದರೆ ಎಷ್ಟು ಹೊತ್ತು?

ಇವತ್ತಿನ ವಿಷಯ ಕೇಳೋದಕ್ಕೆ ಬಹಳ ಸಣ್ಣದು. ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಇಪ್ಪತ್ತೇಳು ವರ್ಷ ಮುಂಬೈಯಲ್ಲಿ ಟಿಕೆಟ್ ಬುಕಿಂಗ್ ಕೌಂಟರಿನ ಹಿಂದೆ ಕೂತವನು ನಾನು. ಯುರೋಪಿಗೆ ಹೊರಟ ನಮ್ಮವರು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಮಗ ಲಂಡನ್ನಿನಲ್ಲಿ, ಮಗಳು ಪ್ಯಾರಿಸ್ಸಿನಲ್ಲಿ, ಅಥವಾ ಹತ್ತು ದಿನದ ಟೂರು, ನಡುವೆ ಒಂದು ದಿನ ಮಾತ್ರ ಪ್ರಯಾಣಕ್ಕೆ. "ಸಾರ್, ಒಂದೂಕಾಲು ಗಂಟೆ ಅಂತೆ ಅಲ್ವಾ?" ಅಂತ ಕೇಳ್ತಾರೆ.

ಹೌದು, ಒಂದೂಕಾಲು ಗಂಟೆಯೇ. ಆದರೆ ಆ ಒಂದೂಕಾಲು ಗಂಟೆಯ ಹಿಂದೆಮುಂದೆ ಏನೇನಿದೆ ಅನ್ನೋದನ್ನ ಇವತ್ತು ಬಿಡಿಸಿ ನೋಡೋಣ.

ಮೊದಲು ದೂರ

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಲಂಡನ್ನಿನ ಮಧ್ಯದಿಂದ ಪ್ಯಾರಿಸ್ಸಿನ ಮಧ್ಯಕ್ಕೆ ಸುಮಾರು 344 ಕಿ.ಮೀ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಪುಣೆಯಿಂದ ಹುಬ್ಬಳ್ಳಿಗೆ, ಅಥವಾ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 375 ಕಿ.ಮೀ. ಅಂದರೆ ಲಂಡನ್–ಪ್ಯಾರಿಸ್ ಅದಕ್ಕಿಂತ ಸ್ವಲ್ಪ ಹತ್ತಿರವೇ. ಎರಡು ದೇಶ, ಎರಡು ಭಾಷೆ, ನಡುವೆ ಸಮುದ್ರ, ಆದರೂ ಇಷ್ಟೇ ದೂರ.

ಆದರೆ ನೇರ ಗೆರೆಯ ಮೇಲೆ ಯಾರೂ ಹೋಗೋದಿಲ್ಲ. ರೈಲು ದಾರಿ ಸುಮಾರು 490 ಕಿ.ಮೀ., ಯಾಕೆಂದರೆ ಅದು ಮೊದಲು ಆಗ್ನೇಯಕ್ಕೆ ಹೋಗಿ, ಸಮುದ್ರ ಕಿರಿದಾದ ಕಡೆ ಸುರಂಗ ಹೊಕ್ಕು, ಫ್ರಾನ್ಸಿನಲ್ಲಿ ಲಿಲ್ ನಗರದ ಪಕ್ಕದಿಂದ ಕೆಳಗಿಳಿಯುತ್ತೆ. ರಸ್ತೆಯಲ್ಲಿ ಹೋದರೆ ಸುಮಾರು 460 ಕಿ.ಮೀ., ಅದರಲ್ಲೂ ಕಾರನ್ನು ಸುರಂಗದ ರೈಲಿನ ಮೇಲೆ ಹತ್ತಿಸಿ 35 ನಿಮಿಷ ದಾಟಬೇಕು. ವಿಮಾನಕ್ಕೆ ಹೀಥ್ರೂ ನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಸುಮಾರು 347 ಕಿ.ಮೀ.

ಈ ದೂರವನ್ನು ಮೊದಲು ಸರಿಯಾಗಿ ಅಳೆದ ಕಥೆ ಬಹಳ ಸ್ವಾರಸ್ಯವಾಗಿದೆ. 1780ರ ದಶಕದಲ್ಲಿ ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯಕ್ಕೂ ಪ್ಯಾರಿಸ್ಸಿನ ವೀಕ್ಷಣಾಲಯಕ್ಕೂ ನಡುವಿನ ಅಂತರದ ಬಗ್ಗೆ ಎರಡೂ ದೇಶದ ವಿಜ್ಞಾನಿಗಳಿಗೆ ಒಮ್ಮತ ಇರಲಿಲ್ಲ. ಫ್ರಾನ್ಸಿನ ಕಸ್ಸೀನಿ ಕಡೆಯಿಂದ ಪ್ರಸ್ತಾಪ ಬಂತು, ಬ್ರಿಟನ್ನಿನಲ್ಲಿ ಜನರಲ್ ವಿಲಿಯಂ ರಾಯ್ ಕೆಲಸ ಹೊತ್ತುಕೊಂಡರು. 1784ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್ಲೋ ಹೀತ್ ಎಂಬ ಬಯಲಿನಲ್ಲಿ ಗಾಜಿನ ಕೊಳವೆಗಳನ್ನು ಒಂದರ ಮುಂದೆ ಒಂದಿಟ್ಟು 27,404 ಅಡಿ ಉದ್ದದ ಆಧಾರರೇಖೆ ಅಳೆದರು, ಅಂದರೆ ಸುಮಾರು 8.35 ಕಿ.ಮೀ. ಆ ಒಂದು ಗೆರೆಯಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟಿಕೊಂಡು ಡೋವರ್ ತನಕ ಹೋದರು. 1787ರಲ್ಲಿ ಕಾಲುವೆಯ ಎರಡೂ ದಡದಲ್ಲಿ ರಾತ್ರಿ ದೀಪ ಉರಿಸಿ, ಆ ದಡದಿಂದ ಈ ದಡಕ್ಕೆ ಕೋನ ಅಳೆದು ಎರಡು ದೇಶಗಳ ಅಳತೆಯನ್ನು ಜೋಡಿಸಿದರು.

ಈಗ ಮಜಾ ನೋಡಿ. ಆ ಆಧಾರರೇಖೆಯ ಒಂದು ತುದಿ ಇರೋದು ಇವತ್ತಿನ ಹೀಥ್ರೂ ವಿಮಾನ ನಿಲ್ದಾಣದ ಅಂಚಿನಲ್ಲಿ. ನೆಲದಲ್ಲಿ ಹೂತ ಒಂದು ಹಳೇ ಫಿರಂಗಿ ಅದರ ಗುರುತು. ಪ್ಯಾರಿಸ್ ಎಷ್ಟು ದೂರ ಅಂತ ಅಳೆಯಲು ಶುರು ಮಾಡಿದ ಬಯಲಿನಿಂದಲೇ ಇವತ್ತು ಜನ ಪ್ಯಾರಿಸ್‌ಗೆ ಹಾರ್ತಾರೆ.

ನಮಗೂ ಇದಕ್ಕೂ ಒಂದು ನಂಟಿದೆ. ಇದೇ ವಿಧಾನವನ್ನು ಭಾರತಕ್ಕೆ ತಂದವರು ವಿಲಿಯಂ ಲ್ಯಾಂಬ್ಟನ್. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದ ಮನುಷ್ಯ ಇವರು. 1802ರ ಏಪ್ರಿಲ್‌ನಲ್ಲಿ ಚೆನ್ನೈಯ ಸೇಂಟ್ ಥಾಮಸ್ ಮೌಂಟ್ ಹತ್ತಿರ ಆಧಾರರೇಖೆ ಹಾಕಿದರು, 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ರೇಖೆ ಅಳೆದು ಲೆಕ್ಕ ತಾಳೆ ನೋಡಲಾಯಿತು. ಅವರಿಗೆ ಲಂಡನ್ನಿನಿಂದ ಬರಬೇಕಿದ್ದ ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ದಾರಿಯಲ್ಲಿ ಫ್ರೆಂಚ್ ಹಡಗು ಹಿಡಿದು ಮಾರಿಷಸ್‌ಗೆ ಒಯ್ದಿತ್ತು. ಅದು ವಿಜ್ಞಾನದ ಉಪಕರಣ ಅಂತ ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಅಧಿಕಾರಿಗಳು ಅದನ್ನ ಮರ್ಯಾದೆಯಿಂದ ಚೆನ್ನೈಗೆ ಕಳಿಸಿಕೊಟ್ಟರು. ಚೆನ್ನೈಯಲ್ಲಿ ಕೂತು ನೋಡ್ತಿರೋರು ಮುಂದಿನ ಸಲ ಮೌಂಟ್ ಕಡೆ ಹೋದಾಗ ಇದನ್ನ ನೆನೆಸಿಕೊಳ್ಳಿ.

ಹಾರಾಟದ ಸಮಯ ಅಂದರೇನು

ವಿಮಾನ ಗಂಟೆಗೆ 800 ಕಿ.ಮೀ. ವೇಗದಲ್ಲಿ ಹೋದರೆ 347 ಕಿ.ಮೀ.ಗೆ 26 ನಿಮಿಷ ಸಾಕು. ಹಾಗಾದರೆ ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ, ಕೆಲವು ಸಲ 1 ಗಂಟೆ 25 ನಿಮಿಷ ಅಂತ ಯಾಕೆ ಬರೀತಾರೆ?

ಟಿಕೆಟ್‌ನಲ್ಲಿ ಇರೋದು ಗಾಳಿಯಲ್ಲಿರುವ ಸಮಯ ಅಲ್ಲ. ವಿಮಾನ ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ ಆ ಕಡೆ ಗೇಟಿಗೆ ಬಂದು ನಿಲ್ಲುವ ತನಕದ ಸಮಯ. ಹೀಥ್ರೂನಲ್ಲಿ ರನ್‌ವೇಗೆ ಸಾಲು ನಿಲ್ಲಬೇಕು. ಏರೋದಕ್ಕೆ ಹೊತ್ತು ಬೇಕು, ಇಳಿಯೋದಕ್ಕೆ ಹೊತ್ತು ಬೇಕು, ಆ ಎರಡೂ ಹೊತ್ತಿನಲ್ಲಿ ಪೂರ್ಣ ವೇಗ ಇರೋದಿಲ್ಲ. ಇಷ್ಟು ಹತ್ತಿರದ ಪಯಣದಲ್ಲಿ ಏರಿ ನೆಟ್ಟಗಾಗುವಷ್ಟರಲ್ಲಿ ಇಳಿಯುವ ಘೋಷಣೆ ಬರುತ್ತೆ. ಗಾಳಿಯಲ್ಲಿ ಇರೋದು ಮುಕ್ಕಾಲು ಗಂಟೆ, ಸ್ವಲ್ಪ ಹೆಚ್ಚೂಕಡಿಮೆ. ಅದಕ್ಕೇ ಹೈದರಾಬಾದ್–ಬೆಂಗಳೂರು ಸುಮಾರು 500 ಕಿ.ಮೀ. ಇದ್ದರೂ ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ಸಮಯ ಬರೀತಾರೆ. ಸಣ್ಣ ಪಯಣದಲ್ಲಿ ದೂರಕ್ಕಿಂತ ಹತ್ತಿ ಇಳಿಯುವ ಖರ್ಚೇ ಜಾಸ್ತಿ. ಆಟೋ ಮೀಟರಿನ ಕನಿಷ್ಠ ದರ ಇದ್ದ ಹಾಗೆ.

ಇನ್ನೊಂದು ಗೊಂದಲ ಗಡಿಯಾರದ್ದು. ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಲಂಡನ್ನಿನಲ್ಲಿ 10:00ಕ್ಕೆ ಹೊರಟರೆ ಪ್ಯಾರಿಸ್ಸಿನಲ್ಲಿ 12:20 ಅಂತ ಟಿಕೆಟ್ ತೋರಿಸುತ್ತೆ. ವಾಪಸ್ ಬರುವಾಗ 10:00ಕ್ಕೆ ಹೊರಟು 10:20ಕ್ಕೆ ಇಳಿದ ಹಾಗೆ ಕಾಣುತ್ತೆ. ಒಬ್ಬ ಯಜಮಾನರು ನನ್ನ ಕೌಂಟರಿಗೆ ಬಂದು, ಹೋಗುವಾಗ ಎರಡು ಗಂಟೆ ಇಪ್ಪತ್ತು ನಿಮಿಷ, ಬರುವಾಗ ಇಪ್ಪತ್ತೇ ನಿಮಿಷ, ಹೋಗೋ ವಿಮಾನ ಬದಲಾಯಿಸಿ ಅಂತ ಪಟ್ಟು ಹಿಡಿದಿದ್ದರು.

ಸೂರ್ಯನ ಲೆಕ್ಕದಲ್ಲಿ ಆ ಎರಡು ನಗರಗಳ ನಡುವಿನ ವ್ಯತ್ಯಾಸ ಬರೀ 9 ನಿಮಿಷ 21 ಸೆಕೆಂಡ್. ರೇಖಾಂಶದಲ್ಲಿ ಅಷ್ಟು ಹತ್ತಿರ ಇವೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಗ್ರೀನಿಚ್ ಅನ್ನು ಜಗತ್ತಿನ ಶೂನ್ಯರೇಖೆ ಅಂತ ಒಪ್ಪಿದಾಗ ಫ್ರಾನ್ಸ್ ಮತ ಹಾಕದೆ ಉಳಿಯಿತು. 1911ರಲ್ಲಿ ಗ್ರೀನಿಚ್ ಸಮಯಕ್ಕೆ ಬಂದರೂ, ಕಾನೂನಿನಲ್ಲಿ ಗ್ರೀನಿಚ್ ಹೆಸರು ಎತ್ತಲಿಲ್ಲ. ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡ್ ಕಳೆಯಿರಿ ಅಂತ ಬರೆದರು! ಆಮೇಲೆ 1940ರಲ್ಲಿ ಜರ್ಮನಿ ಪ್ಯಾರಿಸ್ ಹಿಡಿದಾಗ ಗಡಿಯಾರವನ್ನು ಬರ್ಲಿನ್ ಸಮಯಕ್ಕೆ ತಿರುಗಿಸಿತು. ಯುದ್ಧ ಮುಗಿಯಿತು, ಜರ್ಮನ್ ಸೈನ್ಯ ಹೋಯಿತು, ಗಡಿಯಾರ ಮಾತ್ರ ಹಳೇ ಜಾಗಕ್ಕೆ ಕಾಯಂ ಆಗಿ ಮರಳಲಿಲ್ಲ. ನಿಮ್ಮ ಟಿಕೆಟ್‌ನಲ್ಲಿ ಕಾಣುವ ಆ ಒಂದು ಗಂಟೆಯ ಹಿಂದೆ ಇಷ್ಟೆಲ್ಲ ಇದೆ.

ಊರಿಗೆ ಫೋನ್ ಮಾಡೋರಿಗೆ ಒಂದು ಮಾತು. ಬೇಸಿಗೆಯಲ್ಲಿ ಭಾರತ ಲಂಡನ್ನಿಗಿಂತ ನಾಲ್ಕೂವರೆ ಗಂಟೆ ಮುಂದೆ, ಪ್ಯಾರಿಸ್‌ಗಿಂತ ಮೂರೂವರೆ. ಚಳಿಗಾಲದಲ್ಲಿ ಐದೂವರೆ ಮತ್ತು ನಾಲ್ಕೂವರೆ.

ಮೊದಲ ವಿಮಾನ, ಮೊದಲ ಪಾಠ

1919ರ ಆಗಸ್ಟ್ 25. ಯುದ್ಧ ಮುಗಿದು ವರ್ಷವೂ ಆಗಿಲ್ಲ. ಅದೇ ಹೌನ್ಸ್ಲೋ ಹೀತ್ ಬಯಲಿನ ವಿಮಾನಾಂಗಣದಿಂದ ಯುದ್ಧಕಾಲದ ಬಾಂಬರ್ ಮಾದರಿಯಿಂದ ಮಾರ್ಪಡಿಸಿದ ಒಂದು ಸಣ್ಣ ವಿಮಾನ ಪ್ಯಾರಿಸ್ಸಿನ ಲ ಬೂರ್ಜೆಗೆ ಹಾರಿತು. ಪ್ರಯಾಣಿಕ ಒಬ್ಬನೇ, ಪತ್ರಕರ್ತ. ಸರಕಿನಲ್ಲಿ ಪತ್ರಿಕೆಗಳು, ಚರ್ಮ, ಡೆವನ್‌ಷೈರಿನ ಕೆನೆ, ಬೇಟೆಯಾಡಿದ ಹಕ್ಕಿಗಳು. ಸುಮಾರು ಎರಡೂವರೆ ಗಂಟೆ ಹಿಡಿಯಿತು. ಎರಡು ದೇಶಗಳ ನಡುವಿನ ದಿನನಿತ್ಯದ ವಿಮಾನ ಸೇವೆ ಶುರುವಾದದ್ದು ಹೀಗೆ.

ಆಗ ಪೈಲಟ್‌ಗಳಿಗೆ ದಾರಿ ಅಂದರೆ ಕೆಳಗೆ ಕಾಣುವ ರಸ್ತೆ, ರೈಲು ಹಳಿ, ನದಿ. 1922ರ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ಡಿಯಲ್ಲಿ, ಮಂಜಿನಲ್ಲಿ, ಅತ್ತಿಂದ ಬಂದ ವಿಮಾನವೂ ಇತ್ತಿಂದ ಹೋದ ವಿಮಾನವೂ ಎದುರುಬದುರು ಡಿಕ್ಕಿಯಾಗಿ 7 ಜನ ಸತ್ತರು. ಪ್ರಯಾಣಿಕ ವಿಮಾನಗಳು ಆಕಾಶದಲ್ಲಿ ಪರಸ್ಪರ ಡಿಕ್ಕಿಯಾದ ಮೊದಲ ಅಪಘಾತ ಅದು. ಆಮೇಲೆ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ, ರೇಡಿಯೋ ಬೇಕು ಅನ್ನುವ ನಿಯಮಗಳಿಗೆ ಒತ್ತಾಯ ಬಂತು. ಸಿನಿಮಾಗಳಲ್ಲಿ ಪೈಲಟ್ "ಮೇಡೇ, ಮೇಡೇ" ಅಂತ ಕೂಗೋದನ್ನ ಕೇಳಿದ್ದೀರಲ್ಲ? ಅದೂ ಈ ದಾರಿಯ ಕೂಸೇ. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡ್ರಿಕ್ ಮಾಕ್‌ಫರ್ಡ್ ಅವರಿಗೆ ಇಂಗ್ಲಿಷರಿಗೂ ಫ್ರೆಂಚರಿಗೂ ತಕ್ಷಣ ತಿಳಿಯುವ ಒಂದು ಪದ ಬೇಕಿತ್ತು, ಯಾಕೆಂದರೆ ಅಲ್ಲಿನ ಹೆಚ್ಚಿನ ವಿಮಾನಗಳು ಪ್ಯಾರಿಸ್‌ಗೆ ಹೋಗಿ ಬರುವಂಥವೇ. ನನಗೆ ಸಹಾಯ ಮಾಡಿ ಅನ್ನುವ ಅರ್ಥದ ಫ್ರೆಂಚ್ ಮಾತಿನಂತೆಯೇ ಕೇಳುವ "ಮೇಡೇ"ಯನ್ನು ಅವರು ಸೂಚಿಸಿದರು. 1927ರಲ್ಲಿ ಅದು ಅಂತರರಾಷ್ಟ್ರೀಯ ಸಂಕೇತವಾಯಿತು.

ನೆಲದ ಕೆಳಗಿನ ದಾರಿ

ರೈಲಿನ ಕಥೆಗೆ ಬರೋಣ. 1936ರಿಂದ 1980ರ ತನಕ ನೈಟ್ ಫೆರಿ ಅಂತ ಒಂದು ರೈಲಿತ್ತು. ರಾತ್ರಿ ಲಂಡನ್ನಿನಲ್ಲಿ ಮಲಗುವ ಬೋಗಿ ಹತ್ತಿದರೆ ಆ ಬೋಗಿಯನ್ನೇ ಹಡಗಿಗೆ ಹತ್ತಿಸಿ ಸಮುದ್ರ ದಾಟಿಸಿ ಬೆಳಿಗ್ಗೆ ಪ್ಯಾರಿಸ್‌ಗೆ ಮುಟ್ಟಿಸುತ್ತಿದ್ದರು. 1994ರ ಮೇ 6ರಂದು ರಾಣಿ ಎಲಿಜಬೆತ್ ಮತ್ತು ಅಧ್ಯಕ್ಷ ಮಿತ್ತರಾಂ ಕಾಲುವೆ ಸುರಂಗವನ್ನು ಉದ್ಘಾಟಿಸಿದರು. ಒಟ್ಟು 50 ಕಿ.ಮೀ.ಗೆ ಸ್ವಲ್ಪ ಹೆಚ್ಚು, ಅದರಲ್ಲಿ ಸುಮಾರು 38 ಕಿ.ಮೀ. ಸಮುದ್ರದ ಕೆಳಗೆ. ಆ ವರ್ಷದ ನವೆಂಬರ್‌ನಲ್ಲಿ ಯೂರೋಸ್ಟಾರ್ ಓಡಲು ಶುರುವಾದಾಗ ಮೂರು ಗಂಟೆ ಹಿಡಿಯುತ್ತಿತ್ತು, ಯಾಕೆಂದರೆ ಫ್ರಾನ್ಸಿನಲ್ಲಿ 300 ಕಿ.ಮೀ. ವೇಗ, ಇಂಗ್ಲೆಂಡಿನಲ್ಲಿ ಹಳೇ ಲೋಕಲ್ ಹಳಿ. 2007ರಲ್ಲಿ ಹೊಸ ಹಳಿ ಪೂರ್ಣವಾಗಿ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೆ ಬಂದ ಮೇಲೆ ಅತಿ ವೇಗದ ರೈಲು 2 ಗಂಟೆ 16 ನಿಮಿಷಕ್ಕೆ ಇಳಿಯಿತು.

ಟಿಕೆಟ್ ನೋಡಿದರೆ ವಿಮಾನ ಒಂದು ಗಂಟೆ ಮುಂದಿದೆ. ಈಗ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕೋಣ.

ವಿಮಾನ: ಮನೆಯಿಂದ ಹೀಥ್ರೂಗೆ ಒಂದು ಗಂಟೆ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದೂಕಾಲು. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಬ್ಯಾಗು, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಶಾರ್ಲ್ ದ ಗಾಲ್ ಊರಿನಿಂದ ಸುಮಾರು 25 ಕಿ.ಮೀ. ಆಚೆ, ಲೋಕಲ್ ರೈಲಿನಲ್ಲಿ ಅರ್ಧ ಗಂಟೆಗೆ ಮೇಲೆ. ಒಟ್ಟು ಐದೂವರೆ ಗಂಟೆ ದಾಟಿತು.

ರೈಲು: ಸೇಂಟ್ ಪ್ಯಾಂಕ್ರಾಸ್ ಊರೊಳಗೇ ಇದೆ, ಮುಕ್ಕಾಲು ಗಂಟೆ. ಒಂದೂಕಾಲು ಗಂಟೆ ಮೊದಲು ಹೋಗಿ. ರೈಲು 2 ಗಂಟೆ 16 ರಿಂದ ಎರಡೂವರೆ. ಫ್ರೆಂಚ್ ಪೊಲೀಸರು ಲಂಡನ್ ನಿಲ್ದಾಣದಲ್ಲೇ ಕೂತು ಪಾಸ್‌ಪೋರ್ಟ್ ನೋಡಿಬಿಡ್ತಾರೆ. ಹಾಗಾಗಿ ಗಾರ್ ದ್ಯು ನೋರ್‌ನಲ್ಲಿ ಇಳಿದರೆ ನೇರ ರಸ್ತೆಗೆ ಬರ್ತೀರಿ. ಒಟ್ಟು ನಾಲ್ಕೂವರೆ.

ಒಬ್ಬ ತಾಯಿಯ ಲೆಕ್ಕ

ಒಂದು ಗಂಟೆ ಹೆಚ್ಚೂಕಡಿಮೆ ಆದರೆ ಏನಾಯ್ತು ಅಂತ ಕೇಳಬಹುದು. ನನಗೆ ಪರಿಚಯದ ಒಬ್ಬ ಹೆಣ್ಣುಮಗಳ ವಿಷಯ ಹೇಳ್ತೀನಿ. ಮುಲುಂಡಿನಲ್ಲಿ ಮನೆ, ಮೂಲ ಗದಗ ಕಡೆ. ಲಂಡನ್ನಿನಲ್ಲಿ ಮಗನ ಮನೆಯಲ್ಲಿ ಇದ್ದರು. ಪ್ಯಾರಿಸ್ಸಿನಲ್ಲಿ ಮಗಳಿಗೆ ಮೊದಲ ಹೆರಿಗೆ, ದಿನ ಇನ್ನೂ ಎರಡು ವಾರ ಇತ್ತು. ಒಂದು ರಾತ್ರಿ ನೋವು ಶುರುವಾಯಿತು ಅಂತ ಅಳಿಯನ ಫೋನ್. ಮಗ ಮೊಬೈಲಿನಲ್ಲಿ ನೋಡಿದ. ವಿಮಾನ ಒಂದೂಕಾಲು ಗಂಟೆ, ರೈಲು ಎರಡೂಕಾಲು. ಬೆಳಗಿನ ರೈಲಿನಲ್ಲಿ ಸೀಟಿತ್ತು, ಆದರೂ ಅವಸರದಲ್ಲಿ ಯಾರಾದರೂ ವಿಮಾನವನ್ನೇ ಆರಿಸ್ತಾರೆ. ಎಂಟು ಗಂಟೆಯ ವಿಮಾನ, ಊರಾಚೆಯ ಒಂದು ನಿಲ್ದಾಣದಿಂದ.

ನಾಲ್ಕು ಗಂಟೆಗೆ ಮನೆ ಬಿಟ್ಟರು. ಮಂಜು ಬಿತ್ತು, ವಿಮಾನ 9:20ಕ್ಕೆ ಹೊರಟಿತು. ಇಳಿದಾಗ ಪ್ಯಾರಿಸ್ ಗಡಿಯಾರದಲ್ಲಿ 11:30. ಯುರೋಪಿನವರಲ್ಲದವರ ಸಾಲು ಒಂದು ಗಂಟೆ. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ 1:45. ಮಗು 12ಕ್ಕೆ ಹತ್ತು ನಿಮಿಷ ಇರುವಾಗಲೇ ಹುಟ್ಟಿತ್ತು. ಏಳು ಗಂಟೆಯ ರೈಲು ಅವತ್ತು ಸಮಯಕ್ಕೆ ಸರಿಯಾಗಿ, ಅಲ್ಲಿನ ಹತ್ತೂವರೆಗೆ ಮುಂಚೆಯೇ ಮುಟ್ಟಿತ್ತು ಅಂತ ಮಗ ಆಮೇಲೆ ನೋಡಿದನಂತೆ.

ತಾಯಿ ಮಗು ಚೆನ್ನಾಗಿದ್ದರು, ಅದೇ ಮುಖ್ಯ. ಆದರೆ ಆಕೆ ನನಗೆ ಹೇಳಿದ್ದು ಇಷ್ಟೇ: "ಮಗಳು ಒಳಗೆ ಅವ್ವಾ ಅಂತ ಕೂಗುವಾಗ ನಾನು ಸಾಲಿನಾಗ ನಿಂತಿದ್ದೆ." ಇದರಲ್ಲಿ ಮಗನ ತಪ್ಪೂ ಇಲ್ಲ, ವಿಮಾನದವರ ತಪ್ಪೂ ಇಲ್ಲ. ಪರದೆ ಮೇಲೆ ಕಾಣುವ ಎರಡು ಅಂಕಿಗಳು ಒಂದೇ ವಿಷಯವನ್ನು ಅಳೆಯೋದಿಲ್ಲ, ಅಷ್ಟೇ. ವಯಸ್ಸಾದ ತಂದೆತಾಯಿ ಜೀವಮಾನದಲ್ಲಿ ಒಂದೇ ಸಲ ಹೋಗ್ತಾರೆ. ಅವರ ಮೊಣಕಾಲಿಗೆ ಎರಡು ಗಂಟೆ ಸಾಲು ಅಂದರೆ ಮರುದಿನ ಪೂರ್ತಿ ಹಾಸಿಗೆ.

ಹಾಗಂತ ರೈಲೇ ಯಾವಾಗಲೂ ಸರಿಯಾ?

ಇಲ್ಲ. 2023ರ ಡಿಸೆಂಬರ್ 30ರಂದು ಲಂಡನ್ ಬಳಿಯ ಸುರಂಗಕ್ಕೆ ನೀರು ನುಗ್ಗಿ ಆ ದಿನದ ರೈಲುಗಳೆಲ್ಲ ರದ್ದಾದವು. 2025ರ ಮಾರ್ಚ್ 7ರಂದು ಪ್ಯಾರಿಸ್ ನಿಲ್ದಾಣದ ಹತ್ತಿರ ಹಳಿಯ ಪಕ್ಕ ಎರಡನೇ ಮಹಾಯುದ್ಧದ ಬಾಂಬ್ ಸಿಕ್ಕಿ ಸಾವಿರಾರು ಜನ ಸಿಕ್ಕಿಹಾಕಿಕೊಂಡರು. ಎರಡೇ ವಾರ ಕಳೆದು ಮಾರ್ಚ್ 21ರಂದು ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು ಹೀಥ್ರೂ ಕೂಡ ಮುಚ್ಚಿತು. ಯಾವುದಕ್ಕೂ ಪೂರ್ತಿ ಭರವಸೆ ಕೊಡೋಕಾಗಲ್ಲ.

ನಾನು ಹೇಳುವ ಸೂತ್ರ ಹೀಗಿದೆ. ಮುಂಬೈಯಿಂದ ಲಂಡನ್ ಮೂಲಕ ಪ್ಯಾರಿಸ್‌ಗೆ ಒಂದೇ ಟಿಕೆಟ್‌ನಲ್ಲಿ ಹೋಗೋರು ವಿಮಾನದಲ್ಲೇ ಮುಂದುವರಿಯಿರಿ, ಊರೊಳಗೆ ಬಂದು ರೈಲು ಹಿಡಿಯೋದು ದಂಡ. ನಿಲ್ದಾಣದ ಪಕ್ಕದಲ್ಲೇ ಮನೆ ಇದ್ದರೂ ವಿಮಾನ ಸರಿ. ಲಂಡನ್ನಿನಲ್ಲಿ ನಾಲ್ಕು ದಿನ ಇದ್ದು ಹೊರಡೋರಿಗೆ ರೈಲು. ರೈಲಿನ ದರ ದಿನ ಹತ್ತಿರವಾದಷ್ಟೂ ಏರುತ್ತೆ, ಮೊದಲೇ ಕೊಳ್ಳಿ.

ಇನ್ನು ಕೆಲವು ಸಣ್ಣ ವಿಷಯ, ಆದರೆ ದೊಡ್ಡ ತಾಪತ್ರಯ ತಪ್ಪಿಸುವಂಥವು.

ಒಂದು, ವೀಸಾ. ಬ್ರಿಟನ್ ವೀಸಾದಲ್ಲಿ ಫ್ರಾನ್ಸಿಗೆ ಹೋಗೋಕಾಗಲ್ಲ, ಅದಕ್ಕೆ ಶೆಂಗೆನ್ ಬೇರೆ ಬೇಕು. ಶೆಂಗೆನ್ ವೀಸಾದಲ್ಲಿ ಒಂದೇ ಪ್ರವೇಶವೋ, ಹಲವು ಪ್ರವೇಶವೋ ಅಂತ ನೋಡಿಕೊಳ್ಳಿ. ಒಂದೇ ಪ್ರವೇಶ ಇದ್ದರೆ ಪ್ಯಾರಿಸ್‌ನಿಂದ ಲಂಡನ್ನಿಗೆ ಬಂದವರು ಮತ್ತೆ ಪ್ಯಾರಿಸ್‌ಗೆ ಹೋಗೋ ಹಾಗಿಲ್ಲ.

ಎರಡು, ಬೆರಳಚ್ಚು. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಹೊಸ ಪ್ರವೇಶ–ನಿರ್ಗಮನ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಮುಖದ ಚಿತ್ರ, ಬೆರಳಚ್ಚು ಕೊಡಬೇಕು. ಮೊದಲ ಸಲ ಹೋಗೋರು ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳಿ.

ಮೂರು, ಡಬ್ಬಿ. ರೈಲಿನಲ್ಲಿ ನೂರು ಎಂಎಲ್ ನಿಯಮ ಇಲ್ಲ, ಉಪ್ಪಿನಕಾಯಿ ಬಾಟಲಿ ಕೈಚೀಲದಲ್ಲೇ ಹೋಗಬಹುದು, ಚಟ್ನಿಪುಡಿಗೂ ತೊಂದರೆ ಇಲ್ಲ. ಆದರೆ ಬ್ರಿಟನ್ನಿನಿಂದ ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ಬಾಣಂತಿಗೆ ಅಂತ ತುಪ್ಪ, ಮನೆಗೆ ಅಂತ ಧಾರವಾಡ ಪೇಡಾ ಕಟ್ಟಿಕೊಂಡು ಹೋಗೋರೇ, ಅದು ಲಂಡನ್ನಿನಲ್ಲೇ ಮುಗಿಯಲಿ. ತುಪ್ಪ ಪ್ಯಾರಿಸ್ಸಿನ ಅಂಗಡಿಯಲ್ಲೂ ಸಿಗುತ್ತೆ, ಗಾರ್ ದ್ಯು ನೋರ್ ಪಕ್ಕದಲ್ಲೇ ತಮಿಳರ ಅಂಗಡಿಗಳ ಬೀದಿ ಇದೆ.

ನಾಲ್ಕು, ನಿಲ್ದಾಣದ ಹೆಸರು. ಅಗ್ಗದ ಟಿಕೆಟ್‌ನಲ್ಲಿ "ಪ್ಯಾರಿಸ್ ಬೋವೆ" ಅಂತ ಕಂಡರೆ ಅದು ಪ್ಯಾರಿಸ್‌ನಿಂದ ಸುಮಾರು 80 ಕಿ.ಮೀ. ಆಚೆ. ಲಂಡನ್ ಹೆಸರಿನ ಸ್ಟಾನ್‌ಸ್ಟೆಡ್, ಲೂಟನ್ ಕೂಡ ಊರಿನಿಂದ ಹತ್ತಾರು ಕಿ.ಮೀ. ದೂರವೇ. ಬುಕ್ ಮಾಡುವ ಮೊದಲು ಮಗಳ ಮನೆಯಿಂದ ನಿಲ್ದಾಣಕ್ಕೆ ಎಷ್ಟು ಹೊತ್ತು ಅಂತ ಅವಳನ್ನೇ ಕೇಳಿ.

ಮುಂದಿನ ಸಲ ಟಿಕೆಟ್ ನೋಡುವಾಗ ಒಂದು ಕಾಗದ ತಗೊಂಡು ಮನೆ ಬಿಡುವ ಹೊತ್ತು ಬರೀರಿ, ಆ ಕಡೆ ಮನೆ ಮುಟ್ಟುವ ಹೊತ್ತು ಬರೀರಿ, ನಡುವಿನ ಗಡಿಯಾರದ ವ್ಯತ್ಯಾಸ ಕಳೀರಿ. ಉಳಿದದ್ದೇ ನಿಮ್ಮ ಪ್ರಯಾಣದ ಸಮಯ. ಪುಣೆ–ಬೆಂಗಳೂರಿಗೂ ಇದೇ ಲೆಕ್ಕ.

ಬೇಸಿಗೆ ರಜೆಗೆ ಯುರೋಪಿಗೆ ಹೊರಟವರು ನಿಮ್ಮ ಪರಿಚಯದಲ್ಲಿ ಇದ್ದರೆ ಅವರಿಗೂ ಇದನ್ನ ತಿಳಿಸಿ.